ಗುರುಗ್ರಹದ ಪಟ್ಟಿಗಳು ಮತ್ತು ತಾರಸಿಯ ಕಾವು

ಮಳೆ ಹೊಯ್ದು ನಿಂತ ರಾತ್ರಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ನಕ್ಷತ್ರಗಳು ಥಳಥಳನೆ ಮಿನುಗುತ್ತವೆ. ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಗ್ರಹ ನೋಡಲು ಇದಕ್ಕಿಂತ ಒಳ್ಳೆಯ ರಾತ್ರಿ ಸಿಗದೆಂದು ತಾರಸಿ ಹತ್ತಿ ಗುರುವಿನತ್ತ ಕೊಳವೆ ತಿರುಗಿಸಿದರೆ, ಕಣ್ಣಿಟ್ಟು ನೋಡುವ ಐಪೀಸಿನಲ್ಲಿ ಕಾಣುವುದು ಹರಿಯುವ ಹಳ್ಳದ ತಳದಲ್ಲಿ ಬಿದ್ದ ನಾಣ್ಯದಂತೆ ಅಲುಗುವ ಬಿಳಿಯ ಬಿಲ್ಲೆ. ನನ್ನ 8 ಇಂಚು ಅಗಲದ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಬಂದ ಮೊದಲ ವಾರ ನಾನೂ ಕನ್ನಡಿ ಕಳಪೆಯೆಂದೇ ತೀರ್ಮಾನಿಸಿದ್ದೆ. ಮುಂದೆ ಡಿಸೆಂಬರ್ ನಡುವಿನ ಒಂದು ನಸುಕಿನ 4 ಗಂಟೆಗೆ, ಬೆಂಗಳೂರಿನ ಮೇಲೆ ತೆಳುವಾದ ಮಂಜು ಕವಿದು ಬೆರಳೆಣಿಕೆಯ ನಕ್ಷತ್ರಗಳಷ್ಟೇ ಉಳಿದಿದ್ದಾಗ, ಅದೇ ಕನ್ನಡಿಯಲ್ಲಿ ಗುರುವಿನ ಎರಡು ಕಂದು ಪಟ್ಟಿಗಳ ಅಂಚು ಹರಿದ ಬಟ್ಟೆಯಂತೆ ಎಳೆಎಳೆಯಾಗಿರುವುದೂ, ದಕ್ಷಿಣದ ಪಟ್ಟಿಯೊಳಗೆ ಮಹಾ ಕೆಂಪು ಚುಕ್ಕೆಯೆಂಬ ದೈತ್ಯ ಬಿರುಗಾಳಿ ಹುದುಗಿರುವ ಗುಳಿಯೂ ಕಾಣಿಸಿದವು.

ಆಕಾಶ ಎಷ್ಟು ತಿಳಿಯಾಗಿದೆ ಎಂಬುದು ಒಂದು ವಿಷಯ, ಗಾಳಿ ಎಷ್ಟು ನಿಶ್ಚಲವಾಗಿದೆ ಎಂಬುದು ಬೇರೆಯೇ ವಿಷಯ. ಮೊದಲನೆಯದು ಪಾರದರ್ಶಕತೆ, ನೀಹಾರಿಕೆ, ಗೆಲಾಕ್ಸಿಗಳಂಥ ಮಸುಕು ಕಾಯಗಳನ್ನು ನೋಡುವವರಿಗೆ ಅದು ಬೇಕು. ಎರಡನೆಯದನ್ನು ಹವ್ಯಾಸಿಗಳು ಸೀಯಿಂಗ್ ಎಂದೇ ಕರೆಯುತ್ತಾರೆ. ಗ್ರಹಗಳಿಗೆ ಬೆಳಕಿನ ಬಡತನವಿಲ್ಲವಾದ್ದರಿಂದ ತುಸು ಮಂಜು ಅಥವಾ ನಗರದ ದೀಪಗಳ ಮಬ್ಬು ಅವುಗಳಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಅವುಗಳ ಸಮಸ್ಯೆ ಗಾತ್ರದ್ದು. ನಮಗೆ ಅತಿ ಹತ್ತಿರ ಬಂದಾಗಲೂ ಗುರುವಿನ ಬಿಂಬ ಅಗಲವಾಗುವುದು 45ರಿಂದ 50 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗ) ಮಾತ್ರ, ಅಂದರೆ 45 ಮೀಟರ್ ದೂರದಲ್ಲಿಟ್ಟ ಒಂದು ಸೆಂಟಿಮೀಟರಿನ ಅಂಗಿಗುಂಡಿಯಷ್ಟು. ಶನಿಯ ಬಳೆಗಳ ನಡುವಿನ ಕ್ಯಾಸಿನಿ ಬಿರುಕು ಸುಮಾರು 0.7 ಆರ್ಕ್‌ಸೆಕೆಂಡ್; 30 ಮೀಟರ್ ದೂರದಲ್ಲಿ ಹಿಡಿದ ದಪ್ಪ ತಲೆಗೂದಲು ಅದರಷ್ಟೇ ಕಾಣುತ್ತದೆ. 8 ಇಂಚಿನ ಕನ್ನಡಿ 0.6 ಆರ್ಕ್‌ಸೆಕೆಂಡಿನ ವಿವರವನ್ನು ಬಿಡಿಸಿ ತೋರಿಸಬಲ್ಲುದು, ಆದರೆ ಸಾಧಾರಣ ರಾತ್ರಿಯಲ್ಲಿ ಗಾಳಿ 1ರಿಂದ 2 ಆರ್ಕ್‌ಸೆಕೆಂಡಿಗಿಂತ ಸಣ್ಣದನ್ನೆಲ್ಲ ಕಲಸಿಬಿಡುತ್ತದೆ.

ಕಲಸುವ ಕೆಲಸವನ್ನು ಮಾಡುವುದು ಉಷ್ಣತೆಯ ವ್ಯತ್ಯಾಸ. ಕಾದ ದೋಸೆಕಾವಲಿಯ ಮೇಲಿಂದ ಆಚೆಗಿನ ಗೋಡೆಯನ್ನು ನೋಡಿದರೆ ಗೋಡೆ ಕುಣಿಯುತ್ತದೆ. ಬಿಸಿಗಾಳಿ ವಿರಳ, ತಣ್ಣಗಿನ ಗಾಳಿ ಸಾಂದ್ರ, ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ. ಈ ಬಾಗುವಿಕೆ ಎಷ್ಟು ಅಲ್ಪ, ಆದರೂ ಎಷ್ಟು ಸಾಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಗಾಳಿಯ ಉಷ್ಣತೆ 1 ಡಿಗ್ರಿ ಏರಿದರೆ, ಬೆಳಕನ್ನು ಬಾಗಿಸುವ ಅದರ ಗುಣದ ಅಳತೆಯಾದ ವಕ್ರೀಭವನಾಂಕ ಹತ್ತು ಲಕ್ಷದಲ್ಲಿ ಸುಮಾರು ಒಂದು ಭಾಗದಷ್ಟು ಇಳಿಯುತ್ತದೆ. ಅಂಥ 1 ಮೀಟರ್ ಗಾಳಿಯನ್ನು ಹಾದು ಬಂದ ಬೆಳಕಿನ ಅಲೆ, ಪಕ್ಕದ ತಣ್ಣನೆಯ ಗಾಳಿಯಲ್ಲಿ ಬಂದ ಅಲೆಗಿಂತ ಸುಮಾರು ಒಂದು ಮೈಕ್ರೋಮೀಟರ್ ಮುಂದಿರುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ತರಂಗಾಂತರ. ಒಳ್ಳೆಯ ಟೆಲಿಸ್ಕೋಪ್ ತಯಾರಿಸುವವರು ಅಲೆಯಲ್ಲಿ ಕಾಲು ತರಂಗಾಂತರಕ್ಕಿಂತ ಹೆಚ್ಚಿನ ದೋಷ ಉಳಿಯದಂತೆ ಕನ್ನಡಿಯನ್ನು ಉಜ್ಜುತ್ತಾರೆ. ಅಷ್ಟು ಶ್ರಮವನ್ನು ಕೇವಲ ಒಂದು ಮೀಟರ್ ಬೆಚ್ಚನೆಯ ಗಾಳಿ ನೀರುಪಾಲು ಮಾಡಬಲ್ಲುದು.

ಈ ಗೊಂದಲ ಬೇರೆಬೇರೆ ಎತ್ತರಗಳಲ್ಲಿ ಹುಟ್ಟುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದ ಜೆಟ್ ಪ್ರವಾಹ ಗಂಟೆಗೆ 150 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹರಿಯುತ್ತಿರುತ್ತದೆ, ಅದರ ಅಂಚುಗಳಲ್ಲಿ ಗಾಳಿಯ ಪದರಗಳು ಒಂದಕ್ಕೊಂದು ಉಜ್ಜಿ ಸುಳಿಯೇಳುತ್ತವೆ. ದಕ್ಷಿಣದ ನಮ್ಮ ಮೇಲೆ ಅದು ಸಾಮಾನ್ಯವಾಗಿ ಹಾಯುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಪರ್ಯಾಯ ದ್ವೀಪದ ಮೇಲೆ, ಇನ್ನೂ ಎತ್ತರದಲ್ಲಿ, ಪೂರ್ವದ ಜೆಟ್ ಬೀಸುತ್ತದೆ. ಮೋಡಗಳ ನಡುವಿನ ಬಿಡುವಿನಲ್ಲಿ ಇಣುಕಿದ ಶನಿ ನಡುಗುತ್ತಿದ್ದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು. ಗಾಳಿಯ ನಡುಕಕ್ಕೆ ಬೆಟ್ಟದ ನೆತ್ತಿಯ ಪ್ರಶಾಂತ ಗಾಳಿಯೇ ಮದ್ದೆಂದು ನ್ಯೂಟನ್ 1704ರಷ್ಟು ಹಿಂದೆಯೇ ಬರೆದಿದ್ದ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರಿನ, ವಿಜ್ಞಾನಿ ಚಂದ್ರಶೇಖರ್ ಹೆಸರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಿಲ್ಲಿಸಿರುವುದರ ಹಿಂದೆ ಈ ತರ್ಕವೂ ಇದೆ. ಅದನ್ನು ನಡೆಸುವ ವಿಜ್ಞಾನಿಗಳು ಕೂರುವುದು ನಮ್ಮ ಹೊಸಕೋಟೆಯಲ್ಲಿ.

ಜೆಟ್ ಪ್ರವಾಹದ ಬಗ್ಗೆ ನಾವು ಮಾಡಬಹುದಾದುದೇನೂ ಇಲ್ಲ. ಆದರೆ ಐಪೀಸಿನಲ್ಲಿ ಕಾಣುವ ನಡುಕದ ದೊಡ್ಡ ಪಾಲು, ನನ್ನ ಅನುಭವದಲ್ಲಿ, ಹತ್ತು ಮೀಟರಿನೊಳಗೇ ಹುಟ್ಟುತ್ತದೆ. ಹಗಲೆಲ್ಲ ಬಿಸಿಲುಂಡ ಆರ್‌ಸಿಸಿ ತಾರಸಿ ಮಧ್ಯರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ. ಬರಿಗಾಲಲ್ಲಿ ನಿಂತರೆ ಪಾದಕ್ಕೇ ಅದು ತಿಳಿಯುತ್ತದೆ. ಪಕ್ಕದ ಮನೆಯ ಎ.ಸಿ. ಪೆಟ್ಟಿಗೆ ಉಗುಳುವ ಬಿಸಿಗಾಳಿಯ ಮೇಲಿಂದ ಹಾದು ನೋಡಿದರಂತೂ ಯಾವ ಗ್ರಹವೂ ಉಳಿಯುವುದಿಲ್ಲ. ಮಣ್ಣು ಮತ್ತು ಹುಲ್ಲು ಸಿಮೆಂಟಿಗಿಂತ ಬೇಗ ಆರುವುದರಿಂದ, ಹಿತ್ತಲಿರುವವರು ತಾರಸಿಯ ಆಸೆ ಬಿಡುವುದು ಒಳಿತು. ಹಿತ್ತಲಿಲ್ಲದ ನಾನು ಸಂಜೆ ನಾಲ್ಕು ಬಕೆಟ್ ನೀರು ಚೆಲ್ಲುತ್ತೇನೆ. ಆವಿಯಾಗುವ ನೀರು ನೆಲದ ಕಾವನ್ನಷ್ಟು ಹೊತ್ತೊಯ್ಯುತ್ತದೆ.

ಎಲ್ಲಕ್ಕಿಂತ ಹತ್ತಿರದ ಶತ್ರು ಕೊಳವೆಯೊಳಗಿದೆ. ಬೆಚ್ಚನೆಯ ಕೋಣೆಯಿಂದ ಹೊರಗೆ ತಂದ ದಪ್ಪ ಗಾಜಿನ ಕನ್ನಡಿ ಒಂದು ಗಂಟೆಗೂ ಹೆಚ್ಚು ಕಾಲ ಬಿಸಿಯಾಗಿಯೇ ಇದ್ದು, ತನ್ನ ಮುಖದ ಮೇಲೆ ಬಿಸಿಗಾಳಿಯ ತೆಳುಪೊರೆಯೊಂದನ್ನು ಹೊದ್ದಿರುತ್ತದೆ. ಬೆಳಕು ಆ ಪೊರೆಯನ್ನು ಎರಡು ಸಲ ದಾಟಬೇಕು, ಕನ್ನಡಿಗೆ ಬೀಳುವಾಗ ಒಮ್ಮೆ, ಪ್ರತಿಫಲಿಸಿ ಮರಳುವಾಗ ಇನ್ನೊಮ್ಮೆ. ಟೆಲಿಸ್ಕೋಪನ್ನು ಊಟಕ್ಕೆ ಮುಂಚೆಯೇ ಹೊರಗಿಡುವುದು, ಕನ್ನಡಿಯ ಹಿಂದೆ ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನ್ ಕಟ್ಟುವುದು, ಇವೆರಡರಿಂದ ಸಿಗುವ ಲಾಭ ದುಬಾರಿ ಐಪೀಸ್ ಕೊಂಡರೂ ಸಿಗದು.

ನಡುಕ ಎಲ್ಲಿಯದೆಂದು ತಿಳಿಯಲು ಸುಲಭದ ಉಪಾಯವಿದೆ. ಹೊಳೆಯುವ ನಕ್ಷತ್ರವೊಂದನ್ನು ಫೋಕಸಿನಿಂದ ತುಸು ಹೊರಗೆ ತಂದರೆ ಅದು ಅಗಲವಾದ ಬೆಳಕಿನ ತಟ್ಟೆಯಾಗುತ್ತದೆ. ತಟ್ಟೆಯ ಮೇಲೆ ನೆರಳುಗಳು ಒಂದೇ ದಿಕ್ಕಿಗೆ ಸರಸರನೆ ಓಡಿದರೆ ಅದು ಮೇಲಿನ ಗಾಳಿ, ಊದುಬತ್ತಿಯ ಹೊಗೆಯಂತೆ ನಿಧಾನವಾಗಿ ಸುರುಳಿ ಬಿಚ್ಚಿದರೆ ಕೊಳವೆಯ ಕಾವು. ಮೊದಲನೆಯದಾದರೆ ಮಲಗುವುದು ಮೇಲು, ಎರಡನೆಯದಾದರೆ ಕಾಯಬಹುದು.

ಗ್ರಹದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ದಿಗಂತದಿಂದ 30 ಡಿಗ್ರಿ ಮೇಲಿರುವ ಗ್ರಹವನ್ನು ನಾವು ನೆತ್ತಿಯ ಮೇಲಿರುವುದಕ್ಕಿಂತ ಎರಡು ಪಟ್ಟು ಗಾಳಿಯ ಮೂಲಕ ನೋಡುತ್ತೇವೆ. ಅಲ್ಲಿ ಗಾಳಿ ಗಾಜಿನ ಪ್ರಿಸಮ್ಮಿನಂತೆ ವರ್ತಿಸಿ ಬಿಂಬದ ಒಂದು ಅಂಚಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಬಳಿಯುತ್ತದೆ. 2019–20ರಲ್ಲಿ ಗುರು, ಶನಿಗಳೆರಡೂ ದಕ್ಷಿಣಕ್ಕೆ ಸರಿದಿದ್ದಾಗ ಲಂಡನ್ನಿನವರಿಗೆ ಅವು 16 ಡಿಗ್ರಿಯ ಆಸುಪಾಸಿನಲ್ಲಷ್ಟೇ ಕಂಡವು, ಬೆಂಗಳೂರಿನಲ್ಲಿ 55 ಡಿಗ್ರಿಗೆ ಏರಿದ್ದವು. 2026ರ ಜನವರಿಯಲ್ಲಂತೂ ಗುರು ನಮ್ಮ ನೆತ್ತಿಗೆ ಹತ್ತು ಡಿಗ್ರಿಯೊಳಗೇ ಹಾದುಹೋಯಿತು. ಈ ಅಕ್ಷಾಂಶದ ಲಾಭ ಏನೆಂಬುದನ್ನು ಫಿಲಿಪ್ಪೀನ್ಸಿನ ಸೆಬು ನಗರದ ಹವ್ಯಾಸಿ ಕ್ರಿಸ್ಟೋಫರ್ ಗೋ ತೋರಿಸಿದ್ದಾರೆ: ಗುರುವಿನ ಬಿಳಿಯ ಬಿರುಗಾಳಿಯೊಂದು ಕೆಂಪಾಗಿರುವುದನ್ನು 2006ರಲ್ಲಿ ಮೊದಲು ಗುರುತಿಸಿದವರು ಅವರು. ಸೆಬು ಇರುವುದು 10 ಡಿಗ್ರಿ ಉತ್ತರದಲ್ಲಿ, ನಮಗಿಂತ ಸ್ವಲ್ಪ ಕೆಳಗೆ.

ಅತಿ ಕೆಟ್ಟ ರಾತ್ರಿಯಲ್ಲೂ ಗಾಳಿ ಅರೆಕ್ಷಣ ಸುಮ್ಮನಾಗುವುದುಂಟು. ಮಂಗಳನ ಮೇಲೆ ಕಾಲುವೆಗಳಿವೆಯೆಂಬ ವಾದ ಜೋರಾಗಿದ್ದ ಕಾಲದಲ್ಲಿ, 1909ರ ಸೆಪ್ಟೆಂಬರ್ 20ರಂದು, ಖಗೋಳವಿಜ್ಞಾನಿ ಯೂಜೀನ್ ಅಂತೋನಿಯಾಡಿಗೆ ಪ್ಯಾರಿಸ್ ಬಳಿಯ ಮ್ಯೂಡನ್ನಿನ 83 ಸೆಂಟಿಮೀಟರ್ ದೂರದರ್ಶಕದಲ್ಲಿ ಅಪರೂಪದ ನಿಶ್ಚಲತೆ ಸಿಕ್ಕಿತು. ಕಾಲುವೆಗಳೆನ್ನಲಾಗಿದ್ದ ನೇರ ಗೆರೆಗಳ ಜಾಗದಲ್ಲಿ ಅವನಿಗೆ ಕಂಡದ್ದು ಅಂಕುಡೊಂಕಾದ ಅಸಂಖ್ಯ ಮಚ್ಚೆಗಳು. ಇಂದಿನ ಹವ್ಯಾಸಿಗಳು ಆ ಕ್ಷಣಗಳನ್ನು ಕ್ಯಾಮೆರಾದಿಂದ ಹೆಕ್ಕುತ್ತಾರೆ. ಸಾವಿರಾರು ಚೌಕಟ್ಟುಗಳ ವೀಡಿಯೊ ತೆಗೆದು, ಚೆನ್ನಾಗಿ ಬಂದ ಕೆಲವನ್ನಷ್ಟೇ ಆರಿಸಿ ಒಂದರ ಮೇಲೊಂದು ಪೇರಿಸುತ್ತಾರೆ. ಆದರೆ ಗುರು 10 ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಒಂದೊಂದು ವೀಡಿಯೊವನ್ನೂ ಎರಡು ಮೂರು ನಿಮಿಷಕ್ಕೆ ಮುಗಿಸಬೇಕು, ಇಲ್ಲವಾದರೆ ವಿವರಗಳು ಸರಿದು ಮಸುಕಾಗುತ್ತವೆ. ಕಣ್ಣಿಗೆ ಈ ಗಡುವಿಲ್ಲ. ಅದಕ್ಕೆ ಬೇಕಾದುದು ಐಪೀಸಿನ ಎತ್ತರಕ್ಕೆ ಸರಿಹೊಂದುವ ಒಂದು ಸ್ಟೂಲು, ಏಕೆಂದರೆ ಬಗ್ಗಿ ನಿಂತವರು ಹತ್ತು ನಿಮಿಷದಲ್ಲಿ ಸೊಂಟ ಹಿಡಿದುಕೊಂಡು ಕೆಳಗಿಳಿದುಬಿಡುತ್ತಾರೆ.