ಒಂದೇ ಕಲ್ಲು, ಹಲವು ವಯಸ್ಸು

ಕನಕಪುರದ ಕಡೆ ಕಬ್ಬಾಳದುರ್ಗದ ಹತ್ತಿರ ಒಂದು ಕಲ್ಲು ಕ್ವಾರಿ ಇದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ: "ಸರ್, ಈ ಕಲ್ಲಿಗೆ ಎಷ್ಟು ವಯಸ್ಸು?" ನಾನು ತಿರುಗಿ ಕೇಳುತ್ತೇನೆ: "ಇದರೊಳಗಿನ ಯಾವುದಕ್ಕೆ?"

ಅಲ್ಲಿನ ಕಲ್ಲು ಬೂದು ಬಣ್ಣದ ನೈಸ್, ಅಂದರೆ ಬಿಸಿ-ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟ ಪಟ್ಟೆ ಕಲ್ಲು. ಮೈತುಂಬಾ ಕಪ್ಪು-ಬಿಳಿ ಪಟ್ಟೆ. ಆ ಪಟ್ಟೆಗಳನ್ನು ಅಡ್ಡ ದಾಟಿಕೊಂಡು, ಎಣ್ಣೆ ಚೆಲ್ಲಿದ ಹಾಗೆ, ಕಪ್ಪು-ಹಸಿರು ಮಚ್ಚೆಗಳು ಹರಡಿವೆ. ಮಚ್ಚೆ ಇರುವ ಜಾಗದಲ್ಲಿ ಕಲ್ಲು ಚಾರ್ನೋಕೈಟ್ ಆಗಿದೆ, ಅಂದರೆ ಆಳದ ಜೋರು ಬಿಸಿಯಲ್ಲಿ ಆಗುವ ಕಪ್ಪು ಛಾಯೆಯ ಕಲ್ಲು. ಇದ್ದ ಜಾಗದಲ್ಲೇ ನೈಸ್ ಹೀಗೆ ಮಾರ್ಪಟ್ಟಿದೆ ಅಂತ ಭೂವಿಜ್ಞಾನಿ ಸಿ.ಎಸ್. ಪಿಚಮುತ್ತು ಅವರು 1960ರಲ್ಲಿ ತೋರಿಸಿದರು. ಪಟ್ಟೆ ಮೊದಲು, ಮಚ್ಚೆ ಆಮೇಲೆ. ಇಷ್ಟನ್ನು ಕಣ್ಣೇ ಹೇಳುತ್ತದೆ. ನಡುವೆ ಎಷ್ಟು ವರ್ಷ ಹೋಯಿತು? ಅದಕ್ಕೆ ಕಲ್ಲಿನೊಳಗಿನ ಜಿರ್ಕಾನ್ ಅನ್ನುವ ಪುಟ್ಟ ಖನಿಜ ಬೇಕು.

ಜಿರ್ಕಾನ್ ಹರಳು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಬೆಳೆಯುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಹಾಗಾಗಿ ಇವತ್ತು ಅದರೊಳಗೆ ಸಿಗುವ ಸೀಸ ಹೆಚ್ಚುಕಮ್ಮಿ ಎಲ್ಲವೂ ಯುರೇನಿಯಂ ವಿಕಿರಣ ಸೂಸುತ್ತಾ ನಿಧಾನವಾಗಿ ಸೀಸವಾಗಿ ಬದಲಾಗಿ ಬಂದದ್ದು. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ! ಎರಡೂ ಒಂದೇ ಹೊತ್ತು ತೋರಿಸಿದರೆ ನಂಬಬಹುದು. ತೋರಿಸದಿದ್ದರೆ ನಡುವೆ ಯಾವಾಗಲೋ ಸೀಸ ಸೋರಿ ಹೋಗಿರಬಹುದು.

ಹರಳನ್ನು ಅಂಟಿನಲ್ಲಿ ಕೂರಿಸಿ, ಅರ್ಧಕ್ಕೆ ಉಜ್ಜಿ, ಎಲೆಕ್ಟ್ರಾನ್ ಕಿರಣ ಬಿಟ್ಟರೆ ಈರುಳ್ಳಿ ಹಾಗೆ ಪದರಗಳು ಹೊಳೆಯುತ್ತವೆ. ಕಬ್ಬಾಳದುರ್ಗದ ಕಥೆ ಇರುವುದು ಆ ಪದರಗಳಲ್ಲಿ. ನೈಸ್‌ನ ಮೂಲ ಕಲ್ಲು ಹುಟ್ಟಿದ್ದು ಸುಮಾರು 300 ಕೋಟಿ ವರ್ಷದ ಹಿಂದೆ. ಬಿಸಿ ಏರಿ ಚಾರ್ನೋಕೈಟ್ ಆಗಿದ್ದು ಸುಮಾರು 250 ಕೋಟಿ ವರ್ಷದ ಹಿಂದೆ. ರಾಮನಗರದ ಬಂಡೆಗಳ ಕ್ಲೋಸ್‌ಪೇಟೆ ಗ್ರಾನೈಟ್ ಕೂಡ ಹೆಚ್ಚುಕಮ್ಮಿ ಅದೇ ಕಾಲದ್ದು. ಒಂದೇ ಕೈಹಿಡಿ ಕಲ್ಲಿನಲ್ಲಿ 50 ಕೋಟಿ ವರ್ಷದ ಅಂತರ!

ಕೆಲಸ ಕಲಿಯುವಾಗ ನಾನು ಒಂದು ತಪ್ಪು ಮಾಡಿದ್ದೆ. ಪದರಗಳ ಚಿತ್ರ ಸರಿಯಾಗಿ ನೋಡದೆ, ವಯಸ್ಸು ಅಳೆಯಲು ಹರಳಿನ ಮೇಲೆ ಲೇಸರ್ ಬಿಟ್ಟೆ. ಅದು ಅರ್ಧ ತಿರುಳಿನ ಮೇಲೆ, ಅರ್ಧ ಅಂಚಿನ ಮೇಲೆ ಬಿತ್ತು. ಬಂದ ವಯಸ್ಸು ಎರಡರ ನಡುವಿನದು. ಆ ಕಾಲದಲ್ಲಿ ಭೂಮಿಯ ಮೇಲೆ ಅಲ್ಲಿ ಏನೂ ನಡೆದಿರಲಿಲ್ಲ. ಆದರೂ ಕಾಗದದ ಮೇಲೆ ಅದೊಂದು ಅಚ್ಚುಕಟ್ಟಾದ ಸಂಖ್ಯೆ. ಯಂತ್ರ ಯಾವತ್ತೂ ಸಂಖ್ಯೆ ಕೊಡುತ್ತದೆ. ಅದು ಯಾವ ಘಟನೆಯದು ಅಂತ ಹುಡುಕುವುದೇ ನಮ್ಮ ಕೆಲಸ, ಮತ್ತು ಕಷ್ಟ ಜಾಸ್ತಿ ಇರುವುದೂ ಅಲ್ಲೇ.

ಹಿಮಾಲಯದಲ್ಲಿ ಇದಕ್ಕೆ ಮೋನಜೈಟ್ ಅನ್ನುವ, ಜಿರ್ಕಾನ್ ಹಾಗೇ ವಯಸ್ಸು ಹೇಳುವ ಇನ್ನೊಂದು ಖನಿಜ ತುಂಬಾ ಸಹಾಯ ಮಾಡಿದೆ. ಕಲ್ಲು ಆಳಕ್ಕೆ ಹೂತುಕೊಂಡು ಬಿಸಿಯಾಗುವಾಗ ಗಾರ್ನೆಟ್ ಅನ್ನುವ ಖನಿಜ ಬೆಳೆಯುತ್ತದೆ, ಸುತ್ತಲಿನ ಇಟ್ರಿಯಂ ಅನ್ನುವ ಲೋಹದ ಬಹುಪಾಲನ್ನು ಎಳೆದುಕೊಳ್ಳುತ್ತದೆ. ಆಗ ಬೆಳೆದ ಮೋನಜೈಟ್‌ಗೆ ಇಟ್ರಿಯಂ ಸಿಗುವುದು ಕಡಿಮೆ. ಕಲ್ಲು ಮೇಲೆ ಬರುವಾಗ ಗಾರ್ನೆಟ್ ಒಡೆಯುತ್ತದೆ, ಇಟ್ರಿಯಂ ಬಿಡುಗಡೆಯಾಗುತ್ತದೆ, ಹೊಸ ಮೋನಜೈಟ್ ಅದನ್ನು ತುಂಬಿಕೊಳ್ಳುತ್ತದೆ. ಹೀಗೆ ಹೂತುಹೋದ ಕಾಲ ಬೇರೆ, ಮೇಲೆದ್ದ ಕಾಲ ಬೇರೆ ಅಂತ ಬಿಡಿಸಿ ಹೇಳಬಹುದು. ನನಗೆ ಈಗಲೂ ಇದು ಬೆರಗು ಹುಟ್ಟಿಸುತ್ತದೆ.

ಇನ್ನು ತಣ್ಣಗಾದ ಲೆಕ್ಕ. ಕಲ್ಲು ತಣ್ಣಗಾಗುತ್ತಾ ಬಂದಂತೆ ಪ್ರತಿ ಖನಿಜದ ಗಡಿಯಾರ ಒಂದೊಂದು ಬಿಸಿಯಲ್ಲಿ ಓಡಲು ಶುರುವಾಗುತ್ತದೆ. ಖನಿಜದೊಳಗೆ ಪೊಟ್ಯಾಸಿಯಂನಿಂದ ಹುಟ್ಟಿ ಸೇರಿಕೊಂಡ ಆರ್ಗಾನ್ ಅನಿಲ ಅಳೆಯುವ ವಿಧಾನದಲ್ಲಿ ಬಿಳಿ ಕಾಗೆಬಂಗಾರಕ್ಕೆ ಅದು ಸುಮಾರು 400 ಡಿಗ್ರಿ, ಕಪ್ಪು ಕಾಗೆಬಂಗಾರಕ್ಕೆ ಸುಮಾರು 300. ಎರಡರ ವಯಸ್ಸಿನ ನಡುವೆ 50 ಲಕ್ಷ ವರ್ಷ ಇದೆ ಅಂದುಕೊಳ್ಳಿ. ಅಂದರೆ 10 ಲಕ್ಷ ವರ್ಷಕ್ಕೆ 20 ಡಿಗ್ರಿ ಇಳಿದಿದೆ. ಭೂಮಿಯೊಳಗೆ ಕಿಲೋಮೀಟರಿಗೆ 25 ಡಿಗ್ರಿ ಬಿಸಿ ಏರುತ್ತದೆ ಅಂತ ಹಿಡಿದರೆ, ಕಲ್ಲು ಮೇಲೆ ಬಂದ ವೇಗ ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಇದು ಒರಟು ಲೆಕ್ಕ. ಬೆಟ್ಟ ಜೋರಾಗಿ ಏಳುವಾಗ ಬಿಸಿಯೂ ಅದರ ಜೊತೆ ಮೇಲೆ ಬರುತ್ತದಲ್ವಾ, ಆಗ ಕಿಲೋಮೀಟರಿಗೆ 25 ಅನ್ನುವುದು ನಿಲ್ಲುವುದಿಲ್ಲ.

ನಮ್ಮಲ್ಲಿ ಬೆಟ್ಟ ಉಳಿದಿಲ್ಲ, ಬೇರು ಉಳಿದಿದೆ. ಗದಗದ ಕಡೆಯಿಂದ ಚಿತ್ರದುರ್ಗ ದಾಟಿ ಬಿಳಿಗಿರಿರಂಗನ ಬೆಟ್ಟದ ಕಡೆ ಬಂದರೆ, ಹೆಚ್ಚುಹೆಚ್ಚು ಆಳದಲ್ಲಿ ಬೆಂದ ಕಲ್ಲುಗಳು ಸಿಗುತ್ತಾ ಹೋಗುತ್ತವೆ. ಇಡೀ ನೆಲ ಓರೆಯಾಗಿ ಎದ್ದು, ಮೇಲಿನದು ಸವೆದುಹೋಗಿದೆ. ಕಬ್ಬಾಳದುರ್ಗದ ಮಚ್ಚೆಗಳು ಮೂಡಿದಾಗ ಅವುಗಳ ಮೇಲೆ ಸುಮಾರು 20 ಕಿಲೋಮೀಟರ್ ಕಲ್ಲಿತ್ತು.

ಹುಡುಗರಿಗೆ ಸುತ್ತಿಗೆ ಎತ್ತುವ ಆತುರ. ನಾನು ಮೊದಲು ಪೆನ್ಸಿಲ್ ಕೊಡುತ್ತೇನೆ. ಪಟ್ಟೆ ಎಲ್ಲಿ, ಮಚ್ಚೆ ಎಲ್ಲಿ, ಯಾವುದು ಯಾವುದನ್ನು ದಾಟಿದೆ ಅಂತ ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಒಂದು ತುಂಡು ಒಡೆಯುತ್ತೇವೆ. ಅದರಲ್ಲೂ ಅರ್ಧ ಪುಡಿಗೆ, ಇನ್ನರ್ಧ ಹಾಗೇ ಚೀಲಕ್ಕೆ.