ಅಂಗೈ ಗೆರೆ ಕಪ್ಪಾದಾಗ

ಉಡುಪಿಯ ಬೇಸಗೆಯಲ್ಲಿ ಮೈ ಕಪ್ಪಾದರೆ ಬಿಸಿಲೆನ್ನುತ್ತೇವೆ, ಸುಸ್ತಾದರೆ ಸೆಕೆಯೆನ್ನುತ್ತೇವೆ. ಗಂಜಿಗೆ ಮತ್ತೆ ಮತ್ತೆ ಉಪ್ಪು ಬೆರೆಸಿಕೊಳ್ಳುವವರನ್ನು ಯಾರೂ ಕೇಳುವುದಿಲ್ಲ. ಇವೆಲ್ಲ ಒಬ್ಬರಲ್ಲೇ ಸೇರಿ, ಮಳೆಗಾಲ ಬಂದರೂ ಹೋಗದೆ, ತೂಕವೂ ಇಳಿಯುತ್ತಿದ್ದರೆ ಅಂಗೈ ಬಿಡಿಸಿ ಗೆರೆಗಳನ್ನು ನೋಡಬೇಕು, ವಸಡನ್ನೂ ನೋಡಬೇಕು. ನಮ್ಮಲ್ಲಿ ಅನೇಕರ ವಸಡು ಮೊದಲಿನಿಂದಲೇ ಕಪ್ಪಗಿರುವುದರಿಂದ, ಗಮನಿಸಬೇಕಾದದ್ದು ಹೊಸದಾಗಿ ಮೂಡಿದ ಕಪ್ಪನ್ನು. ಬಿಸಿಲು ತಲುಪದ ಇಂಥ ಜಾಗಗಳಲ್ಲಿ ಬಣ್ಣ ಗಾಢವಾಗುವುದು ಆಡಿಸನ್ ಕಾಯಿಲೆಯ ಗುರುತಾಗಿರಬಹುದು.

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಸುಮಾರು 4–5 ಗ್ರಾಂ ತೂಗುವ ಒಂದೊಂದು ಅಡ್ರಿನಲ್ ಗ್ರಂಥಿಯಿದೆ. ಅದರ ಹೊರಪದರ ತಯಾರಿಸುವ ಕಾರ್ಟಿಸೋಲ್ ಎಂಬ ಹಾರ್ಮೋನು ಜ್ವರ, ಗಾಯ, ಹಸಿವುಗಳನ್ನು ತಾಳಿಕೊಳ್ಳಲು ಬೇಕು. ಅದೇ ಪದರದ ಇನ್ನೊಂದು ಹಾರ್ಮೋನು ಆಲ್ಡೊಸ್ಟೀರೋನ್ ಮೈಯ ಉಪ್ಪನ್ನು ಹಿಡಿದಿಡುತ್ತದೆ. ಆಡಿಸನ್ ಕಾಯಿಲೆಯಿರುವ ಅನೇಕರಲ್ಲಿ, ರೋಗಾಣುಗಳೊಡನೆ ಹೋರಾಡಬೇಕಾದ ರಕ್ಷಣಾ ವ್ಯವಸ್ಥೆಯೇ ಈ ಪದರದ ಕೋಶಗಳನ್ನು ಪರಕೀಯವೆಂದು ತಿಳಿದು, ವರ್ಷಗಟ್ಟಲೆ ಸದ್ದಿಲ್ಲದೆ ನಾಶಮಾಡುತ್ತದೆ. ಬಹುಪಾಲು ಪದರ ಹಾಳಾಗುವವರೆಗೂ ಸ್ಪಷ್ಟ ಲಕ್ಷಣ ಕಾಣಿಸದಿರಬಹುದು. ಕಾರ್ಟಿಸೋಲ್ ಸಾಲದೆಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಹಾರ್ಮೋನನ್ನು ಒಂದೇಸಮನೆ ಹೆಚ್ಚಿಸುತ್ತದೆ. ಅದೇ ಹಾರ್ಮೋನು ಚರ್ಮದ ಬಣ್ಣದ ಕೋಶಗಳನ್ನೂ ಕೆರಳಿಸುವುದರಿಂದ ಗೆರೆಗಳು ಕಪ್ಪಾಗುತ್ತವೆ. ಇತ್ತ ಉಪ್ಪು ಮೂತ್ರದಲ್ಲೂ ಬೆವರಿನಲ್ಲೂ ಹರಿದುಹೋಗಿ ರಕ್ತದೊತ್ತಡ ಕುಸಿಯುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ. ಕರಾವಳಿಯ ಸೆಕೆ ಈ ನಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಲಂಡನ್ನಿನ ಥಾಮಸ್ ಆಡಿಸನ್ 1855ರಲ್ಲಿ ಈ ರೋಗವನ್ನು ವಿವರಿಸಿದಾಗ ಅದರ ಮುಖ್ಯ ಕಾರಣ ಕ್ಷಯವಾಗಿತ್ತು. ನಮ್ಮ ದೇಶದಲ್ಲಿ ಇಂದಿಗೂ ಕ್ಷಯವನ್ನು ಮರೆಯುವಂತಿಲ್ಲವಾದ್ದರಿಂದ, ಬೆಳಗಿನ ಕಾರ್ಟಿಸೋಲ್ ಪರೀಕ್ಷೆಯ ಜೊತೆಗೆ, ರಕ್ಷಣಾ ವ್ಯವಸ್ಥೆಯೇ ಕಾರಣವೇ ಎಂದು ತಿಳಿಯಲು ಪ್ರತಿಕಾಯ ಪರೀಕ್ಷೆ, ಸ್ಕ್ಯಾನ್‌ಗಳೂ ಬೇಕಾಗಬಹುದು.

ಚಿಕಿತ್ಸೆ ಸರಳ, ಆದರೆ ಜೀವನಪರ್ಯಂತ. ವಯಸ್ಕರಿಗೆ ಸಾಮಾನ್ಯವಾಗಿ ಕಾರ್ಟಿಸೋಲ್‌ಗೆ ಬದಲಾಗಿ ದಿನಕ್ಕೆ 15–25 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಎರಡು-ಮೂರು ಪಾಲು ಮಾಡಿ ಕೊಡುತ್ತಾರೆ, ಉಪ್ಪು ಹಿಡಿದಿಡಲು ಫ್ಲುಡ್ರೊಕಾರ್ಟಿಸೋನ್ ಸೇರಿಸುತ್ತಾರೆ. ನನಗೆ ಅತಿ ಸಂಕಟವಾಗುವುದು "ಸ್ಟೀರಾಯ್ಡ್ ಅಲ್ಲವೇ, ಕೆಟ್ಟದ್ದು" ಎಂಬ ನೆಂಟರಿಷ್ಟರ ಮಾತಿಗೆ ಹೆದರಿ ಮಾತ್ರೆ ಬಿಡುವವರನ್ನು ಕಂಡಾಗ. ಮೈ ತಾನೇ ತಯಾರಿಸಬೇಕಿದ್ದುದನ್ನು ಈ ಮಾತ್ರೆ ತುಂಬಿಕೊಡುತ್ತದೆ. ಬಿಟ್ಟರೆ ಪ್ರಾಣಕ್ಕೇ ಅಪಾಯ. ಜ್ವರ ಬಂದಾಗ ವೈದ್ಯರು ಹೇಳಿಕೊಟ್ಟಂತೆ ಪ್ರಮಾಣವನ್ನು ಇಮ್ಮಡಿಯೋ ಮುಮ್ಮಡಿಯೋ ಮಾಡಬೇಕು. ನೀರನ್ನೂ ಮುಟ್ಟದ ಏಕಾದಶಿಯ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಕು. ಮಂಗಳೂರಿನ ಬಸ್ಸಿನಲ್ಲಿ ಎಚ್ಚರ ತಪ್ಪಿದವರ ಪರವಾಗಿ ಇದನ್ನು ಹೇಳಬಲ್ಲದ್ದು ಅವರ ಕಿಸೆಯಲ್ಲಿರುವ, ಕಾಯಿಲೆಯ ಹೆಸರನ್ನೂ ಔಷಧದ ಪ್ರಮಾಣವನ್ನೂ ಬರೆದಿಟ್ಟ ಚೀಟಿಯೊಂದೇ.