ಜೈಲಿನಲ್ಲಿ ಹೆಪಟೈಟಿಸ್ ಸಿ: ತಪಾಸಣೆಗೂ ಗುಳಿಗೆಗೂ ನಡುವಿನ ದಾರಿ

ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಸ್ ಪತ್ತೆಯಾದದ್ದು 1989ರಲ್ಲಿ. ಅಲ್ಲಿಯವರೆಗೆ ಅದಕ್ಕೆ ಸ್ವಂತ ಹೆಸರೂ ಇರಲಿಲ್ಲ, 'ಎ ಅಲ್ಲದ, ಬಿ ಅಲ್ಲದ ಕಾಮಾಲೆ' ಎನ್ನುತ್ತಿದ್ದರು. ಮರುವರ್ಷವೇ ದಾನಿಗಳ ರಕ್ತ ಪರೀಕ್ಷೆ ಶುರುವಾಯಿತು. ಜೈಲಿನ ಬಾಗಿಲಿಗೆ ಆ ಪರೀಕ್ಷೆ ಬರಲು ಮಾತ್ರ ದಶಕಗಳೇ ಹಿಡಿದವು.

ಸೋಂಕು ಅತಿ ಹೆಚ್ಚಾಗಿ ಕಾಣುವ ಜಾಗಗಳಲ್ಲಿ ಜೈಲೂ ಒಂದು. 2014ರಲ್ಲಿ ಜಗತ್ತಿನಾದ್ಯಂತ ಬಂಧನದಲ್ಲಿದ್ದ ಸುಮಾರು 1 ಕೋಟಿ ಜನರಲ್ಲಿ ಶೇ 15ರಷ್ಟು ಮಂದಿಗೆ ಈ ವೈರಸ್ ತಗುಲಿತ್ತೆಂಬ ಅಂದಾಜಿದೆ. ಮಾದಕವಸ್ತು ಚುಚ್ಚಿಕೊಳ್ಳುವವರು ಹೆಚ್ಚಾಗಿ ಜೈಲು ಸೇರುತ್ತಾರೆ. ಒಳಗೆ ಒಂದೇ ಸಿರಿಂಜ್ ಹಲವು ಕೈ ದಾಟುತ್ತದೆ. ಹಚ್ಚೆಯ ಸೂಜಿ, ಕ್ಷೌರದ ಬ್ಲೇಡ್ ಕೂಡ ಸೋಂಕು ದಾಟಿಸಬಲ್ಲವು.

ಹಾಗಿದ್ದೂ ಜೈಲುಗಳು ಏಕೆ ಹಿಂಜರಿದವು? ಆಗಿನ ಚಿಕಿತ್ಸೆಯೇ ಒಂದು ಶಿಕ್ಷೆಯಂತಿತ್ತು. 24ರಿಂದ 48 ವಾರ ಇಂಟರ್‌ಫೆರಾನ್ ಚುಚ್ಚುಮದ್ದು, ಜೊತೆಗೆ ಜ್ವರ, ತೀವ್ರ ಖಿನ್ನತೆ. ಇಷ್ಟೆಲ್ಲ ಸಹಿಸಿದರೂ ಗುಣ ಆಗುತ್ತದೆಂಬ ಖಾತ್ರಿ ಇರಲಿಲ್ಲ. 2013ರ ಕೊನೆಗೆ ಸೊಫೊಸ್ಬುವಿರ್ ಎಂಬ ಗುಳಿಗೆ ಬಂದಾಗ ಗುಣವಾಗುವುದು ಸುಲಭವಾಯಿತು, ಆದರೆ ಅಮೆರಿಕದಲ್ಲಿ ಒಂದು ಗುಳಿಗೆಗೆ 1,000 ಡಾಲರ್, 12 ವಾರಕ್ಕೆ 84,000. ಕೈದಿಯ ಗಂಭೀರ ಕಾಯಿಲೆಯನ್ನು ಗೊತ್ತಿದ್ದೂ ಕಡೆಗಣಿಸುವುದು ಸಂವಿಧಾನಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿತ್ತು. ಪತ್ತೆಹಚ್ಚಿದರೆ ಚಿಕಿತ್ಸೆ ಕೊಡಬೇಕು, ಹಾಗಾಗಿ ಪತ್ತೆಯೇ ಬೇಡ ಎಂಬ ಲೆಕ್ಕಾಚಾರಕ್ಕೆ ಇದು ದಾರಿಯಾಯಿತು. ಇದನ್ನು ಒಪ್ಪಲಾಗದು.

ಇನ್ನೊಂದು ತೊಡಕು ಪ್ರಶ್ನಾವಳಿಯದು. 'ಎಂದಾದರೂ ಚುಚ್ಚಿಕೊಂಡಿದ್ದೀರಾ?' ಎಂದು ಕೇಳಿ, ಹೌದು ಎಂದವರಿಗಷ್ಟೇ ಪರೀಕ್ಷೆ. ಪಕ್ಕದಲ್ಲಿ ಕಾವಲುಗಾರ ನಿಂತಿರುವಾಗ ಹೌದು ಎನ್ನುವವರು ಯಾರು? ಅದಕ್ಕೇ ಇಂಗ್ಲೆಂಡ್ 2014ರಿಂದ ಕ್ರಮ ಬದಲಿಸಿತು: ಎಲ್ಲರಿಗೂ ಪರೀಕ್ಷೆ, ಬೇಡ ಎಂದವರಿಗೆ ಮಾತ್ರ ವಿನಾಯಿತಿ. ಬೇಡ ಎನ್ನುವ ಹಕ್ಕಿದೆ ಎಂದು ಮೊದಲೇ ತಿಳಿಸಬೇಕು, ಹಾಗೆಂದದ್ದಕ್ಕೆ ಯಾವ ಸವಲತ್ತೂ ತಪ್ಪಬಾರದು.

ಕೆಲಸ ಹೆಚ್ಚಾಗಿ ಕೆಡುವುದು ಎರಡು ಪರೀಕ್ಷೆಗಳ ನಡುವೆ. ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಆಂಟಿಬಾಡಿ ಪರೀಕ್ಷೆ 20 ನಿಮಿಷದಲ್ಲಿ ಮುಗಿಯುತ್ತದೆ. ಆದರೆ ವೈರಸ್ ಎಂದೋ ಒಳಹೊಕ್ಕಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ಸುಮಾರು ಶೇ 30 ಮಂದಿಯಲ್ಲಿ ಸೋಂಕು ತಾನಾಗಿಯೇ ಹೋಗಿರುತ್ತದೆ. ಈಗಲೂ ಇದೆಯೇ ಎಂದು ತಿಳಿಯಲು ವೈರಸ್‌ನ ವಂಶವಾಹಿ ದ್ರವ್ಯವನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯೇ ಆಗಬೇಕು. ಅದಕ್ಕೆ ಇನ್ನೊಂದು ದಿನ ರಕ್ತ ತೆಗೆಯೋಣ ಎಂದರೆ, ಅಷ್ಟರಲ್ಲಿ ಕೈದಿಗೆ ಜಾಮೀನು ಸಿಕ್ಕಿರುತ್ತದೆ, ಇಲ್ಲವೇ ಬೇರೆ ಜೈಲಿಗೆ ವರ್ಗವಾಗಿರುತ್ತದೆ. ಆದ್ದರಿಂದ ಮೊದಲ ಸಲ ತೆಗೆದ ರಕ್ತದಲ್ಲೇ ಎರಡನ್ನೂ ಮಾಡುವುದು ಸರಿಯಾದ ದಾರಿ. ಚುಚ್ಚಿ ಚುಚ್ಚಿ ರಕ್ತನಾಳ ಸಿಗದವರಿಗೆ ಬೆರಳ ತುದಿಯ 100 ಮೈಕ್ರೋಲೀಟರ್ ಸಾಕು. ರಕ್ತ ಹಾಕಿದ ಪುಟ್ಟ ಡಬ್ಬಿಯನ್ನು (ಕಾರ್ಟ್ರಿಜ್) ಸೇರಿಸಿದರೆ ಯಂತ್ರ ಸುಮಾರು ಒಂದು ಗಂಟೆಯಲ್ಲಿ ಆರ್‌ಎನ್‌ಎ ಫಲಿತಾಂಶ ಕೊಡುತ್ತದೆ. ಕೈ ತಣ್ಣಗಿದ್ದರೆ ರಕ್ತ ಇಳಿಯದು, ಮೊದಲು ಬೆಚ್ಚಗೆ ಮಾಡಿ, ಕೈಯನ್ನು ಕೆಳಗೆ ಇಳಿಬಿಡಿಸಿ. ಮೊದಲ ಹನಿ ಒರೆಸಿಬಿಡಿ. ಬೆರಳನ್ನು ಬಲವಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ರಕ್ತ ತೆಳುವಾಗುತ್ತದೆ.

ಈಚೆಗಷ್ಟೇ ಸೋಂಕು ತಗುಲಿರಬಹುದಾದವರಿಗೆ ನೇರವಾಗಿ ಆರ್‌ಎನ್‌ಎ ಮಾಡಬೇಕು. ಆಂಟಿಬಾಡಿ ಕಾಣಿಸಿಕೊಳ್ಳಲು 8ರಿಂದ 11 ವಾರ ಬೇಕು, ಆರ್‌ಎನ್‌ಎ ಒಂದೆರಡು ವಾರದಲ್ಲೇ ಸಿಗುತ್ತದೆ.

ಗುಳಿಗೆ ಶುರುಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ತಪ್ಪಿಸುವಂತಿಲ್ಲ. ಸಿ ಹೋದಾಗ ಅಡಗಿದ್ದ ಬಿ ಕೆರಳಬಹುದು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಸೊಫೊಸ್ಬುವಿರ್–ವೆಲ್ಪಟಾಸ್ವಿರ್ ಜೋಡಿ ಔಷಧ ಕೊಡಬಾರದು, ಅದರ ಬಲವೇ ಕುಗ್ಗುತ್ತದೆ. ಜೈಲುಗಳಲ್ಲಿ ಕ್ಷಯ ಅಪರೂಪವಲ್ಲವಾದ್ದರಿಂದ ಇದನ್ನು ಕೇಳಲೇಬೇಕು. ಔಷಧಕ್ಕೆ ತಕ್ಕಂತೆ 8 ಅಥವಾ 12 ವಾರದ ಕೋರ್ಸ್. ನಡುವೆ ಬಿಡುಗಡೆಯಾದರೆ ಉಳಿದ ಗುಳಿಗೆ, ವರದಿಯ ಪ್ರತಿ ಎರಡನ್ನೂ ಕೈಗೆ ಕೊಟ್ಟೇ ಕಳಿಸಬೇಕು.

ಆಸ್ಟ್ರೇಲಿಯಾ 2016ರ ಮಾರ್ಚ್‌ನಿಂದ ಈ ಔಷಧಗಳನ್ನು ಸರ್ಕಾರಿ ಖರ್ಚಿನ ಪಟ್ಟಿಗೆ ಸೇರಿಸಿತು, ಕೈದಿಗಳನ್ನು ಹೊರಗಿಡಲಿಲ್ಲ. ನ್ಯೂ ಸೌತ್ ವೇಲ್ಸ್‌ನ ನಾಲ್ಕು ಜೈಲುಗಳಲ್ಲಿ ಚಿಕಿತ್ಸೆ ವಿಸ್ತರಿಸಿದ ಮೇಲೆ ಹೊಸ ಸೋಂಕು ಸುಮಾರು ಅರ್ಧಕ್ಕಿಳಿಯಿತು. ಪೂರ್ತಿ ನಿಲ್ಲಲಿಲ್ಲ. ಗುಣವಾದವರಿಗೂ ಹಂಚಿಕೊಂಡ ಸಿರಿಂಜಿನಿಂದ ಮತ್ತೆ ತಗುಲುತ್ತದೆ, ಒಮ್ಮೆ ಬಂದ ಕಾಯಿಲೆ ರಕ್ಷಣೆ ಕೊಡುವುದಿಲ್ಲ. ಸ್ವಿಟ್ಜರ್ಲೆಂಡ್ 1992ರಲ್ಲೇ ಜೈಲಿನೊಳಗೆ ಶುದ್ಧ ಸೂಜಿ ಕೊಡಲು ಆರಂಭಿಸಿತಾದರೂ ಆ ಹಾದಿ ಹಿಡಿದ ದೇಶಗಳು ಕೆಲವೇ. ಹಾಗಾಗಿ ಗುಣವಾದವರನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಅದೂ ಆರ್‌ಎನ್‌ಎಯಿಂದಲೇ. ಅವರ ಆಂಟಿಬಾಡಿ ಸಾಮಾನ್ಯವಾಗಿ ಜೀವಮಾನವಿಡೀ ಪಾಸಿಟಿವ್ ಆಗಿಯೇ ಇರುತ್ತದೆ.